ಗುರುವಿನ ಕಣ್ಣು

ಕೆಲವು ಗ್ರಂಥಗಳಿಗೆ ವಿಚಿತ್ರವಾದ ಒಂದು ಯೋಗವಿರುತ್ತದೆ. ಅವುಗಳನ್ನು ಓದಿದವರಿಗಿಂತ ಅವುಗಳ ಹೆಸರು ಹೇಳುವವರೇ ಹೆಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂತಾಲ್ ಅವರೂ ಅಲ್ಲಿನ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್‌ಸನ್ ಅವರೂ ಕೂಡಿ 1968ರಲ್ಲಿ ಪ್ರಕಟಿಸಿದ ‘ಪಿಗ್ಮೇಲಿಯನ್ ಇನ್ ದಿ ಕ್ಲಾಸ್‌ರೂಮ್’ ಅಂಥದೊಂದು ಗ್ರಂಥ. ಉಪಾಧ್ಯಾಯರ ತರಬೇತಿ ಶಿಬಿರಗಳಲ್ಲಿ ಭಾಷಣಕಾರರು ಈ ಹೆಸರನ್ನು ಹೇಳದೆ ಬಿಡುವುದು ಅಪರೂಪ. “ಹುಡುಗ ಜಾಣನಾಗುತ್ತಾನೆಂದು ನೀವು ನಂಬಿದರೆ ಸಾಕು, ಅವನು ಜಾಣನೇ ಆಗುತ್ತಾನೆ, ಇದನ್ನು ವಿಜ್ಞಾನ ಸಿದ್ಧಪಡಿಸಿದೆ” ಎಂದು ಅವರು ಹೇಳುತ್ತಾರೆ. ಮುಂದೆ ಕುಳಿತ ಮೇಷ್ಟ್ರುಗಳು ತಲೆದೂಗುತ್ತಾರೆ. ಊಟದ ಗಂಟೆ ಬಾರಿಸುತ್ತದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ ನಾನೂ ಹೀಗೆ ತಲೆದೂಗಿದವರಲ್ಲಿ ಒಬ್ಬ. ಕೆಲಸದಿಂದ ನಿವೃತ್ತನಾದ ಮೇಲೆ, ಇಷ್ಟು ದಿನ ಹೆಸರು ಕೇಳಿದ ಗ್ರಂಥವನ್ನು ಒಮ್ಮೆ ಓದಿಯೇ ನೋಡೋಣವೆಂದು ಹಿಡಿದು ಕುಳಿತೆ. ಓದಿ ಮುಗಿಸಿದಾಗ ನನಗೆ ತಿಳಿದುಬಂದುದು ಎರಡು ಸಂಗತಿ. ಭಾಷಣಕಾರರು ಹೇಳುವುದನ್ನು ಈ ಗ್ರಂಥ ಅವರು ಹೇಳುವಷ್ಟು ದೃಢವಾಗಿ ಸಾಧಿಸುವುದಿಲ್ಲ ಎಂಬುದು ಒಂದು. ಅವರು ಯಾರೂ ಹೇಳದ ಒಂದು ಮಾತನ್ನು ಅದು ಹೇಳುತ್ತದೆ, ಆ ಮಾತು ನನ್ನಂಥ ಉಪಾಧ್ಯಾಯನಿಗೆ ನೇರವಾಗಿ ತಗಲುತ್ತದೆ ಎಂಬುದು ಇನ್ನೊಂದು. ಈ ಎರಡನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಯೋಗದ ವಿಷಯ. ರೋಸೆಂತಾಲ್ ಇದಕ್ಕೆ ಮುಂಚೆ ಇಲಿಗಳ ಮೇಲೂ ಕೆಲಸಮಾಡಿದ್ದರು. ವಿದ್ಯಾರ್ಥಿಗಳ ಕೈಗೆ ಒಂದೇ ಬಗೆಯ ಇಲಿಗಳನ್ನು ಕೊಟ್ಟು, ಕೆಲವರಿಗೆ “ಇವು ಚುರುಕು ತಳಿ” ಎಂದೂ ಕೆಲವರಿಗೆ “ಇವು ಮಂದ ತಳಿ” ಎಂದೂ ಹೇಳಿದರು. ಚುರುಕೆಂದು ಹೇಳಿಸಿಕೊಂಡ ಇಲಿಗಳು ಚಕ್ರವ್ಯೂಹದಂಥ ದಾರಿಯನ್ನು ನಿಜವಾಗಿಯೇ ಬೇಗ ಕಲಿತವು. ಪ್ರಯೋಗ ಮಾಡುವವನ ನಿರೀಕ್ಷೆ ಪ್ರಯೋಗದ ಫಲವನ್ನೇ ಬದಲಿಸಬಲ್ಲದು ಎಂಬ ಅರ್ಥದ ಲೇಖನವೊಂದನ್ನು ಅವರು 1963ರಲ್ಲಿ ಬರೆದರು. ಅದನ್ನು ಓದಿದ ಜೇಕಬ್‌ಸನ್, ತಮ್ಮ ಶಾಲೆಯಲ್ಲಿ ಮಕ್ಕಳ ವಿಷಯದಲ್ಲಿಯೂ ಇದನ್ನು ಪರೀಕ್ಷಿಸಬಹುದೆಂದು ಅವರಿಗೆ ಕಾಗದ ಬರೆದರು. ಶಾಲೆ ಇದ್ದುದು ಕ್ಯಾಲಿಫೋರ್ನಿಯದ ದಕ್ಷಿಣ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಗ್ರಂಥದಲ್ಲಿ ಅದಕ್ಕೆ ಓಕ್ ಶಾಲೆ ಎಂದು ಹೆಸರು. ಬಡವರ ಮಕ್ಕಳು ಹೆಚ್ಚಾಗಿ ಬರುತ್ತಿದ್ದ ಶಾಲೆ. ಆರರಲ್ಲೊಂದು ಪಾಲು ಮೆಕ್ಸಿಕನ್ ಮೂಲದವರು. ಒಂದರಿಂದ ಆರರವರೆಗೆ ತರಗತಿಗಳು, ಪ್ರತಿಯೊಂದರಲ್ಲಿಯೂ ಚುರುಕು, ಸಾಧಾರಣ, ನಿಧಾನ ಎಂದು ಮೂರು ವಿಭಾಗ, ಒಟ್ಟು 18.

1964ರ ವಸಂತದಲ್ಲಿ ಮಕ್ಕಳಿಗೆಲ್ಲ ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ಕೊಟ್ಟರು. ಹಾರ್ವರ್ಡ್‌ನಿಂದ ಬಂದ ಹೊಸ ಪರೀಕ್ಷೆ ಇದು, ಮುಂದಿನ ವರ್ಷ ಯಾವ ಮಕ್ಕಳು ಇದ್ದಕ್ಕಿದ್ದಂತೆ ಅರಳುತ್ತಾರೆಂಬುದನ್ನು ಮೊದಲೇ ತಿಳಿಸುತ್ತದೆ ಎಂದು ಉಪಾಧ್ಯಾಯರಿಗೆ ಹೇಳಿದರು. ನಿಜವಾಗಿ ಅದು ಆಗಲೇ ಬಳಕೆಯಲ್ಲಿದ್ದ ಸಾಮಾನ್ಯ ಪರೀಕ್ಷೆ. ಬೇಸಿಗೆ ಕಳೆದು ಶಾಲೆ ತೆರೆದಾಗ ಪ್ರತಿ ಉಪಾಧ್ಯಾಯರ ಕೈಗೂ ಒಂದೊಂದು ಪಟ್ಟಿ ಬಂತು. ಅರಳಲಿರುವ ಮಕ್ಕಳೆಂದು ಸುಮಾರು ಐವರಲ್ಲೊಬ್ಬರ ಹೆಸರು ಅದರಲ್ಲಿತ್ತು. ಆ ಹೆಸರುಗಳನ್ನು ಆರಿಸಿದ್ದು ಪರೀಕ್ಷೆಯ ಅಂಕ ನೋಡಿ ಅಲ್ಲ, ಚೀಟಿ ಎತ್ತಿದ ಹಾಗೆ, ಯದೃಚ್ಛೆಯಿಂದ. ಪಟ್ಟಿಯೊಳಗಿನ ಮಗುವಿಗೂ ಹೊರಗಿನ ಮಗುವಿಗೂ ಇದ್ದ ವ್ಯತ್ಯಾಸ ಉಪಾಧ್ಯಾಯರ ಮನಸ್ಸಿನಲ್ಲಿ ಮಾತ್ರ.

ವರ್ಷದ ಕೊನೆಗೆ ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟರು. ಇಡೀ ಶಾಲೆಯ ಲೆಕ್ಕದಲ್ಲಿ ಪಟ್ಟಿಯ ಮಕ್ಕಳು ಸರಾಸರಿ 12.2 ಅಂಕ ಏರಿದ್ದರು, ಉಳಿದವರು 8.4. ಒಂದನೆಯ ತರಗತಿಯಲ್ಲಿ ಅಂತರ ಬೆರಗು ಹುಟ್ಟಿಸುವಂತಿತ್ತು: 27.4ಕ್ಕೆ ಎದುರಾಗಿ 12. ಎರಡನೆಯ ತರಗತಿಯಲ್ಲಿ 16.5ಕ್ಕೆ 7. ಗ್ರಂಥಕ್ಕೆ ಕೀರ್ತಿ ತಂದವು ಈ ಅಂಕಿಗಳೇ. ಮೂರರಿಂದ ಮೇಲಿನ ತರಗತಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ ಎಂಬುದು ಅದೇ ಗ್ರಂಥದಲ್ಲಿದೆ. ಆದರೆ ಭಾಷಣಗಳಲ್ಲಿ ಅದು ಬಿಟ್ಟುಹೋಗುತ್ತದೆ.

ಗ್ರಂಥ ಹೊರಬಿದ್ದ ವರ್ಷವೇ ರಾಬರ್ಟ್ ಥಾರ್ನ್‌ಡೈಕ್ ಅದನ್ನು ಕಠಿಣವಾಗಿ ವಿಮರ್ಶಿಸಿದರು. ಅಷ್ಟು ಎಳೆಯ ಮಕ್ಕಳ ಬುದ್ಧಿಯನ್ನು ಅಳೆಯಲು ಆ ಪರೀಕ್ಷೆ ತಕ್ಕದ್ದಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಒಂದನೆಯ ತರಗತಿಯ ಒಂದು ವಿಭಾಗದ ಮಕ್ಕಳ ತರ್ಕಶಕ್ತಿಯ ಸರಾಸರಿ ಮೊದಲ ಪರೀಕ್ಷೆಯಲ್ಲಿ 31 ಬಂದಿತ್ತು. ಸಾಧಾರಣ ಮಗುವಿಗೆ 100 ಎಂದಿಟ್ಟುಕೊಂಡ ಅಳತೆಯಲ್ಲಿ ಇಡೀ ವಿಭಾಗಕ್ಕೆ 31 ಎಂದರೆ, ಮಕ್ಕಳಲ್ಲಿ ದೋಷ ಹುಡುಕುವ ಮೊದಲು ಅಳತೆಗೋಲನ್ನೇ ಅನುಮಾನಿಸಬೇಕು. ತಕ್ಕಡಿ ಸೊಟ್ಟಗಿದ್ದರೆ ಬೆಲ್ಲ ಎಷ್ಟು ತೂಗಿತೆಂಬ ಚರ್ಚೆ ವ್ಯರ್ಥ. 1971ರಲ್ಲಿ ಎಲಾಶಾಫ್ ಮತ್ತು ಸ್ನೋ ಎಂಬ ಇಬ್ಬರು ವಿದ್ವಾಂಸರು ಅದೇ ಅಂಕಿಗಳನ್ನು ಮತ್ತೆ ಲೆಕ್ಕಹಾಕಿ, ಆಧಾರ ದುರ್ಬಲವೆಂದು ತೋರಿಸಲು ಒಂದು ಗ್ರಂಥವನ್ನೇ ಬರೆದರು. ಬೆರಗಿನ ಅಂತರವೆಲ್ಲ ನಿಂತಿದ್ದು ಕೆಳಗಿನ ಎರಡು ತರಗತಿಗಳ ಪಟ್ಟಿಯ ಮಕ್ಕಳ ಮೇಲೆ. ಅವರ ಸಂಖ್ಯೆ ಒಂದರಲ್ಲಿ 7, ಇನ್ನೊಂದರಲ್ಲಿ 12. ಹತ್ತೊಂಬತ್ತು ಮಕ್ಕಳ ಹೆಗಲ ಮೇಲೆ ಇಷ್ಟು ದೊಡ್ಡ ಸಿದ್ಧಾಂತವನ್ನು ಹೊರಿಸಬಹುದೆ ಎಂಬ ಪ್ರಶ್ನೆ ಗಣಿತದ ಮೇಷ್ಟ್ರಿಗೆ ಬರದೆ ಇರಲಾರದು.

ಹಾಗೆಂದು ಎಲ್ಲವೂ ಸುಳ್ಳೆಂದು ಪುಸ್ತಕವನ್ನು ಮುಚ್ಚಿಡುವುದೂ ನ್ಯಾಯವಲ್ಲ. ಆಮೇಲೆ ಅನೇಕರು ಅನೇಕ ಕಡೆ ಇಂಥ ಪ್ರಯೋಗಗಳನ್ನು ಮಾಡಿದರು. ರೌಡನ್‌ಬುಷ್ ಎಂಬವರು 1984ರಲ್ಲಿ ಅಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಹಳ ಅರ್ಥಪೂರ್ಣವಾದ ಸಂಗತಿಯೊಂದು ಕಂಡಿತು. ಉಪಾಧ್ಯಾಯರಿಗೆ ಮಕ್ಕಳ ಪರಿಚಯ ಚೆನ್ನಾಗಿ ಆಗುವ ಮೊದಲೇ ಪಟ್ಟಿ ಬಂದಿದ್ದರೆ ಅದರ ಪರಿಣಾಮ ಕಾಣುತ್ತದೆ. ಎರಡು ವಾರಕ್ಕಿಂತ ಹೆಚ್ಚು ಪರಿಚಯವಾದ ಮೇಲೆ ಬಂದಿದ್ದರೆ ಪರಿಣಾಮ ಹೆಚ್ಚುಕಡಮೆ ಇಲ್ಲ. ಮಗುವನ್ನು ಕಂಡು ಬಲ್ಲ ಉಪಾಧ್ಯಾಯ ಕಾಗದದ ಮಾತಿಗೆ ಮೋಸಹೋಗುವುದಿಲ್ಲ. 2005ರಲ್ಲಿ ಜಸ್ಸಿಮ್ ಮತ್ತು ಹಾರ್ಬರ್ ಅವರು ಮೂವತ್ತೈದು ವರ್ಷಗಳ ಸಂಶೋಧನೆಯನ್ನು ಪರಿಶೀಲಿಸಿ, ಉಪಾಧ್ಯಾಯರ ನಿರೀಕ್ಷೆಗೆ ಶಕ್ತಿಯುಂಟು, ಆದರೆ ಸಾಮಾನ್ಯವಾಗಿ ಅದು ಅಲ್ಪ ಎಂದು ತೀರ್ಮಾನಿಸಿದರು. ಸಮಾಜ ಕೀಳೆಂದು ಕಾಣುವ ಗುಂಪಿನ ಮಕ್ಕಳ ವಿಷಯದಲ್ಲಿ ಮಾತ್ರ ಅದು ಬಲವಾಗಿರಬಹುದೆಂದೂ ಹೇಳಿದರು. ಈ ಕೊನೆಯ ಮಾತನ್ನು ನಮ್ಮ ದೇಶದವರು ಎರಡು ಸಲ ಓದಬೇಕು.

ಇನ್ನು ಗ್ರಂಥದ ಹೆಸರಿನ ವಿಷಯ. ಸಾಹಿತ್ಯದ ಪುರವಣಿಯಲ್ಲಿ ಇದನ್ನು ಚರ್ಚಿಸಲು ನನಗಿರುವ ನೆಪವೂ ಅದೇ. ಪಿಗ್ಮೇಲಿಯನ್ ಎಂಬವನು ಸೈಪ್ರಸ್ ದ್ವೀಪದ ಶಿಲ್ಪಿ. ತಾನು ದಂತದಲ್ಲಿ ಕಡೆದ ಹೆಣ್ಣನ್ನು ತಾನೇ ಪ್ರೀತಿಸಿದ. ದೇವತೆ ಕರುಣೆಯಿಂದ ಅದಕ್ಕೆ ಜೀವ ಕೊಟ್ಟಳು. ಆ ಹೆಸರನ್ನು ಬರ್ನಾರ್ಡ್ ಷಾ ತಮ್ಮ ನಾಟಕಕ್ಕೆ ಇಟ್ಟರು. ಅದು ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ, ವಿಯೆನ್ನಾದಲ್ಲಿ. ಉಚ್ಚಾರಣೆಯ ಪಂಡಿತ ಹಿಗ್ಗಿನ್ಸ್ ಬೀದಿಯಲ್ಲಿ ಹೂ ಮಾರುವ ಎಲೈಜಾಳಿಗೆ ಮಾತು ಕಲಿಸಿ, ಅವಳನ್ನು ದೊಡ್ಡ ಮನೆತನದ ಹೆಣ್ಣೆಂದು ನಂಬಿಸುತ್ತೇನೆಂದು ಪಂಥ ಕಟ್ಟಿ ಗೆಲ್ಲುತ್ತಾನೆ. ರೋಸೆಂತಾಲ್ ಮತ್ತು ಜೇಕಬ್‌ಸನ್ ತಮ್ಮ ಗ್ರಂಥಕ್ಕೆ ಆಧಾರವಾಗಿ ಹಿಡಿದದ್ದು ಎಲೈಜಾ ಆಡುವ ಒಂದು ಮಾತನ್ನು: ಹೂ ಮಾರುವವಳಿಗೂ ದೊಡ್ಡ ಮನೆಯ ಹೆಣ್ಣಿಗೂ ಇರುವ ಭೇದ ಅವಳ ನಡತೆಯಲ್ಲಿಲ್ಲ, ಜನ ಅವಳನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ ಎಂಬುದು ಅದರ ತಾತ್ಪರ್ಯ.

ಆದರೆ ಅವಳು ಆ ಮಾತನ್ನು ಯಾರಿಗೆ ಹೇಳುತ್ತಾಳೆಂಬುದನ್ನು ಸ್ವಲ್ಪ ಗಮನಿಸಬೇಕು. ಹಿಗ್ಗಿನ್ಸ್‌ನನ್ನು ಹೊಗಳಿ ಅಲ್ಲ. ಅವನ ಸ್ನೇಹಿತ ಕರ್ನಲ್ ಪಿಕರಿಂಗ್‌ಗೆ ಅವಳು ಕೃತಜ್ಞತೆ ಹೇಳುವ ಮಾತು ಅದು. ಹಿಗ್ಗಿನ್ಸ್‌ನ ಪಾಲಿಗೆ ತಾನು ಎಂದೆಂದಿಗೂ ಹೂವಾಡಗಿತ್ತಿಯೇ ಎಂದು ಅವಳು ಸ್ಪಷ್ಟವಾಗಿ ಹೇಳುತ್ತಾಳೆ. ಇಬ್ಬರಲ್ಲಿ ಅವಳ ವಿಷಯದಲ್ಲಿ ದೊಡ್ಡ ನಿರೀಕ್ಷೆ ಇಟ್ಟುಕೊಂಡಿದ್ದವನು ಯಾರು? ಹಿಗ್ಗಿನ್ಸ್, ಅವನು ಪಂಥವನ್ನೇ ಕಟ್ಟಿದ್ದ. ಪಿಕರಿಂಗ್ ಮಾಡಿದುದು, ಮೊದಲ ದಿನವೇ ಅವಳನ್ನು ಮರ್ಯಾದೆಯಿಂದ ಹೆಸರುಹಿಡಿದು ಕರೆದದ್ದು, ಅವಳ ಎದುರಿಗೆ ಎದ್ದು ನಿಂತದ್ದು. ಅವಳು ಏನಾದಾಳೆಂದು ಲೆಕ್ಕಹಾಕಿ ಅವನು ಹಾಗೆ ನಡೆದುಕೊಳ್ಳಲಿಲ್ಲ. ಎದುರಿಗಿದ್ದವಳು ಮನುಷ್ಯಳೆಂದು ನಡೆದುಕೊಂಡ. ಆದುದರಿಂದ ಷಾ ಅವರ ನಾಟಕ ಈ ಗ್ರಂಥದ ವಾದಕ್ಕೆ ಸಾಕ್ಷಿ ಹೇಳುವುದಿಲ್ಲ. ನಿರೀಕ್ಷೆಯೇ ಬೇರೆ, ಗೌರವವೇ ಬೇರೆ ಎಂದು ಅದು ಹೇಳುತ್ತದೆ. ಗ್ರಂಥಕರ್ತರು ಈ ಎರಡನ್ನೂ ಒಂದೇ ಎಂದು ಭಾವಿಸಿದರು. ಅವರ ತಪ್ಪನ್ನೇ ನಮ್ಮ ಭಾಷಣಕಾರರೂ ಮುಂದುವರಿಸಿದ್ದಾರೆ. ಹುಡುಗ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಲೇಬೇಕೆಂದು ನಿರೀಕ್ಷಿಸುವ ತಂದೆ, ಅದೇ ಹುಡುಗನ ಮಾತನ್ನು ಒಂದು ನಿಮಿಷ ಕುಳಿತು ಕೇಳದವನಾಗಿರುವುದನ್ನು ನಾವು ಕಂಡಿಲ್ಲವೆ?

ನಮ್ಮಲ್ಲಿ ಇದಕ್ಕೆ ಎದುರಾದ ಕಥೆಯೊಂದಿದೆ. ಅಲ್ಲಿ ಗುರು ಶಿಷ್ಯನ ಬೊಂಬೆ ಮಾಡುವುದಿಲ್ಲ. ಶಿಷ್ಯನೇ ಗುರುವಿನ ಬೊಂಬೆ ಮಾಡುತ್ತಾನೆ. ಏಕಲವ್ಯನಿಗೆ ದ್ರೋಣನ ನಂಬಿಕೆ ಸಿಗಲಿಲ್ಲ. ಮಣ್ಣಿನ ದ್ರೋಣನನ್ನು ಮುಂದಿಟ್ಟುಕೊಂಡು ತಾನೇ ಕಲಿತ. ನಿರೀಕ್ಷೆಯೇ ಎಲ್ಲವೂ ಆಗಿದ್ದರೆ ಏಕಲವ್ಯ ಬಿಲ್ಲು ಹಿಡಿಯುವುದನ್ನೂ ಕಲಿಯಬಾರದಿತ್ತು. ಕೈಲಾಸಂ ಅವರ ಇಂಗ್ಲಿಷ್ ನಾಟಕ ‘ದಿ ಪರ್ಪಸ್’, ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಎರಡೂ ಈ ಕಥೆಯನ್ನೇ ಎತ್ತಿಕೊಂಡಿವೆ. ಕನ್ನಡದ ಇಬ್ಬರು ದೊಡ್ಡ ಲೇಖಕರ ಮನಸ್ಸನ್ನು ಅದು ಹಿಡಿದಿದ್ದೇಕೆ? ದ್ರೋಣ ಶಿಷ್ಯನನ್ನು ಕಡೆಗಣಿಸಿದನೆಂಬುದು ಕಥೆಯ ಪೂರ್ವಾರ್ಧ ಮಾತ್ರ. ಮನಸ್ಸನ್ನು ಕಲಕುವುದು ಉತ್ತರಾರ್ಧ: ಪಟ್ಟಿಯಲ್ಲಿಲ್ಲದ ಹುಡುಗ ಅರಳಿದ್ದನ್ನು ಕಣ್ಣಾರೆ ಕಂಡ ಗುರು ಸಂತೋಷಪಡಲಿಲ್ಲ, ಹೆಬ್ಬೆರಳು ಕೇಳಿದ.

ಗ್ರಂಥದಲ್ಲಿ ಯಾರೂ ಉದ್ಧರಿಸದ ಮಾತೊಂದಿದೆ ಎಂದು ಮೊದಲಲ್ಲಿ ಹೇಳಿದೆನಲ್ಲ, ಅದು ಇಲ್ಲಿಗೆ ಬಂದು ಸೇರುತ್ತದೆ. ವರ್ಷದ ಕೊನೆಗೆ ಮಕ್ಕಳ ಸ್ವಭಾವವನ್ನು ವರ್ಣಿಸಬೇಕೆಂದು ಓಕ್ ಶಾಲೆಯ ಉಪಾಧ್ಯಾಯರನ್ನು ಕೇಳಿದ್ದರು. ಪಟ್ಟಿಯ ಮಕ್ಕಳನ್ನು ಅವರು ಹೆಚ್ಚು ಕುತೂಹಲಿಗಳೆಂದೂ ಸಂತೋಷವಾಗಿರುವವರೆಂದೂ ಹೊಗಳಿದರು, ಅದು ನಿರೀಕ್ಷಿತವೇ. ಆದರೆ ಪಟ್ಟಿಯಲ್ಲಿಲ್ಲದೆಯೂ ತಾವಾಗಿಯೇ ಮುಂದೆ ಬಂದ ಮಕ್ಕಳಿದ್ದರು. ಅದರಲ್ಲಿಯೂ ನಿಧಾನ ವಿಭಾಗದಲ್ಲಿದ್ದುಕೊಂಡು ಹೀಗೆ ಮುಂದೆ ಬಂದವರು ಎಷ್ಟು ಹೆಚ್ಚು ಬೆಳೆದಿದ್ದರೋ ಅವರ ವಿಷಯದಲ್ಲಿ ಉಪಾಧ್ಯಾಯರ ಅಭಿಪ್ರಾಯ ಅಷ್ಟು ಕೆಳಗಿತ್ತು. ಯಾರೂ ಹೇಳದೆ ಅರಳಿದ ಮಗು ಹಿತವೆನಿಸಲಿಲ್ಲ.

ಈ ಪುಟವನ್ನು ಓದಿದ ದಿನ ನಾನು ಮುಂದೆ ಓದಲಾರದೆ ಪುಸ್ತಕ ಕೆಳಗಿಟ್ಟೆ. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷವಿರಬೇಕು. ಒಂಬತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಪಕ್ಕಕ್ಕೆ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದೆ. ಇವರಿಂದ ಆಗುವುದಿಲ್ಲ ಎಂಬ ಗುರುತು. ಹಿಂದಿನ ವರ್ಷ ಪಾಠ ಹೇಳಿದವರು ಕೊಟ್ಟ ಸಲಹೆಯಂತೆ ಇಟ್ಟದ್ದು, ಮಕ್ಕಳ ಮುಖ ಸರಿಯಾಗಿ ನೋಡುವ ಮೊದಲೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚುಕ್ಕೆಯ ಹುಡುಗನೊಬ್ಬನಿಗೆ ನೂರಕ್ಕೆ ಅರವತ್ತೆಂಟು ಬಂತು. ನನಗೆ ಮೊದಲು ಬಂದ ಯೋಚನೆ, ಪಕ್ಕದವನದನ್ನು ನೋಡಿ ಬರೆದಿದ್ದಾನೆಂಬುದು. ಎಲ್ಲರೆದುರಿಗೆ ಅವನನ್ನು ಬೋರ್ಡಿನ ಹತ್ತಿರ ಕರೆದು ಅದೇ ಬಗೆಯ ಒಂದು ಲೆಕ್ಕ ಕೊಟ್ಟೆ. ಹುಡುಗ ಕೈ ನಡುಗಿಸುತ್ತ ಬರೆದ, ಉತ್ತರ ಸರಿಯಾಗಿತ್ತು. “ಸರಿ, ಹೋಗಿ ಕೂತ್ಕೊ” ಎಂದೆ. “ಆಗಲಿ ಸಾರ್” ಎಂದು ಅವನು ಹೋಗಿ ಕುಳಿತ. ಶಹಭಾಸ್ ಎಂದು ಹೇಳಬೇಕೆಂದು ನನಗೆ ತೋರಲಿಲ್ಲ. ಆ ವರ್ಷ ಅವನು ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಿದ್ದು ನೆನಪಿಲ್ಲ. ಇಂಥದನ್ನು ಮಾಡಲು ಯಾವ ಮನಶ್ಶಾಸ್ತ್ರಜ್ಞನೂ ನನ್ನ ಕೈಗೆ ಪಟ್ಟಿ ಕೊಟ್ಟಿರಲಿಲ್ಲ. ನನ್ನ ಪಟ್ಟಿ ನಾನೇ ಬರೆದುಕೊಂಡದ್ದು.

ತಪ್ಪು ನನ್ನದೇ. ಆದರೆ ವಿಮರ್ಶಕನಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಈ ಗ್ರಂಥದಲ್ಲಿ ಉಪಾಧ್ಯಾಯ ಎಲ್ಲಿ? ಮಕ್ಕಳ ಅಂಕಗಳಿಗೆ ಕೋಷ್ಟಕದ ಮೇಲೆ ಕೋಷ್ಟಕವಿದೆ. ಹದಿನೆಂಟು ತರಗತಿಗಳ ಉಪಾಧ್ಯಾಯರು ಆ ವರ್ಷ ಹೇಗೆ ಪಾಠ ಹೇಳಿದರು, ಯಾವ ಮಗುವಿನ ಹತ್ತಿರ ಎಷ್ಟು ಹೊತ್ತು ನಿಂತರು ಎಂಬುದನ್ನು ನೋಡಲು ಯಾರೂ ತರಗತಿಯೊಳಗೆ ಕುಳಿತಿರಲಿಲ್ಲ. ಪಟ್ಟಿಯಲ್ಲಿ ಯಾರ ಹೆಸರಿತ್ತೆಂದು ಆಮೇಲೆ ಕೇಳಿದಾಗ ಬಹುಮಂದಿ ಉಪಾಧ್ಯಾಯರಿಗೆ ಸರಿಯಾಗಿ ನೆನಪೇ ಇರಲಿಲ್ಲ. ಒಮ್ಮೆ ಕಣ್ಣಾಡಿಸಿ ಇಟ್ಟಿದ್ದರಂತೆ. ಇದು ಸಿದ್ಧಾಂತಕ್ಕೆ ದೊಡ್ಡ ತೊಡಕು. ಆದರೂ ಗ್ರಂಥ ಇದನ್ನು ಬೇಗ ದಾಟಿಹೋಗುತ್ತದೆ. ಉಪಾಧ್ಯಾಯರಿಗೆ ಸುಳ್ಳು ಹೇಳಿ ಪ್ರಯೋಗ ಮಾಡಿದುದರ ಧರ್ಮಸೂಕ್ಷ್ಮವೂ ಇದೆ. ಸುಳ್ಳು ಹೇಳಿಸಿಕೊಂಡವರೇ ಕೊನೆಗೆ ಅಪರಾಧಿಗಳಂತೆ ನಿಂತದ್ದು ವಿಪರ್ಯಾಸ. ಬಡ ಮಕ್ಕಳು ಹಿಂದುಳಿದರೆ ಮನೆಯ ಹಸಿವನ್ನಾಗಲಿ ಶಾಲೆಯ ಇಕ್ಕಟ್ಟನ್ನಾಗಲಿ ನೋಡಬೇಕಾಗಿಲ್ಲ, ಮೇಷ್ಟ್ರ ನಂಬಿಕೆ ಸಾಲದೆಂದರೆ ಮುಗಿಯಿತು. ಖರ್ಚಿಲ್ಲದ ಸುಧಾರಣೆ ಯಾವ ಸರ್ಕಾರಕ್ಕೆ ಬೇಡ?

ಗ್ರಂಥ ಬಿಟ್ಟ ಈ ಜಾಗವನ್ನು ತುಂಬಿದವರು ಅನಂತರದವರು. ಬ್ರೋಫಿ ಮತ್ತು ಗುಡ್ ಎಂಬವರು ಒಂದನೆಯ ತರಗತಿಯ ನಾಲ್ಕು ಕೋಣೆಗಳಲ್ಲಿ ಕುಳಿತು ನೋಡಿ 1970ರಲ್ಲಿ ಬರೆದರು. ಜಾಣನೆಂದು ಎಣಿಸಿದ ಮಗು ತಪ್ಪು ಹೇಳಿದರೆ ಉಪಾಧ್ಯಾಯರು ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತಾರೆ, ಸುಳಿವು ಕೊಡುತ್ತಾರೆ. ದಡ್ಡನೆಂದು ಎಣಿಸಿದ ಮಗುವಿನ ವಿಷಯದಲ್ಲಿ ಹಾಗೆ ಮಾಡುವುದು ಕಡಿಮೆ. ಸರಿಯಾದ ಉತ್ತರ ಬಂದಾಗ ಹೊಗಳುವುದರಲ್ಲಿಯೂ ಅದೇ ಭೇದ. ಮೇರಿ ಬಡ್ ರೋ ಎಂಬಾಕೆ ಎಪ್ಪತ್ತರ ದಶಕದಲ್ಲಿ ಗಡಿಯಾರ ಹಿಡಿದು ಲೆಕ್ಕಹಾಕಿದರು: ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವ ಮಕ್ಕಳ ಸಂಖ್ಯೆ ಕಡಿಮೆಯಾಯಿತು, ನಿಧಾನವೆಂದು ಎಣಿಸಿದ ಮಕ್ಕಳೂ ಬಾಯಿ ತೆರೆದರು. ನಂಬಿಕೆ ಎಂಬ ಗಾಳಿಯಂಥ ಮಾತಿಗೆ ಇಲ್ಲಿ ಕೈಗೆ ಸಿಗುವ ಅರ್ಥ ಬಂದಿದೆ. ಪಿಕರಿಂಗ್ ಎದ್ದು ನಿಂತ ಹಾಗೆ, ಎರಡು ಸೆಕೆಂಡು ಹೆಚ್ಚಾಗಿ ಕಾಯುವುದು ಯಾರಾದರೂ ಮಾಡಬಹುದಾದ ಮರ್ಯಾದೆ.

ಆದರೆ ಕಾಯುವುದಕ್ಕೂ ಮನಸ್ಸಿನಲ್ಲಿ ಸಾವಧಾನ ಬೇಕು. ಕೆನಡಾದಲ್ಲಿ ಓಬರ್ಲೆ ಮತ್ತು ಶೋನರ್ಟ್-ರೈಕಲ್ ಎಂಬವರು 17 ಉಪಾಧ್ಯಾಯರನ್ನೂ ಅವರ 400ಕ್ಕೂ ಹೆಚ್ಚು ಮಕ್ಕಳನ್ನೂ ಪರೀಕ್ಷಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸದಲ್ಲಿ ಬಳಲಿ ಬತ್ತಿಹೋಗಿದ್ದೇವೆಂದು ಹೇಳಿಕೊಂಡ ಉಪಾಧ್ಯಾಯರ ತರಗತಿಗಳಲ್ಲಿ, ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಎಂಬ ರಸ ಮಕ್ಕಳ ಬೆಳಗಿನ ಜೊಲ್ಲಿನಲ್ಲಿ ಹೆಚ್ಚಾಗಿ ಕಂಡಿತು. ಮೇಷ್ಟ್ರ ಬಳಲಿಕೆ ಮಕ್ಕಳಿಗೆ ಹತ್ತಿತೋ ಮಕ್ಕಳ ಕಷ್ಟ ಮೇಷ್ಟ್ರನ್ನು ಬಳಲಿಸಿತೋ ಎಂಬುದನ್ನು ಆ ಅಧ್ಯಯನ ತೀರ್ಮಾನಿಸಲಾರದು. ಅಂತೂ ಇಬ್ಬರ ಕ್ಷೇಮ ಒಂದಕ್ಕೊಂದು ಕಟ್ಟಿಕೊಂಡಿದೆ ಎಂಬುದು ಸ್ಪಷ್ಟ. ಅರವತ್ತು ಹುಡುಗರ ಕೋಣೆ, ದಿನಕ್ಕೆ ಆರು ಪಿರಿಯಡ್ಡು, ಅದರ ಮೇಲೆ ಜನಗಣತಿಯೋ ಚುನಾವಣೆಯೋ. ಇಷ್ಟೆಲ್ಲ ಹೊತ್ತವನು ಪ್ರತಿ ಮುಖವನ್ನೂ ಹೊಸದಾಗಿ ನೋಡಬೇಕೆಂದರೆ ಅವನಿಗೆ ಆಗುವುದಿಲ್ಲ. ಅವನು ಪಟ್ಟಿ ಹುಡುಕುತ್ತಾನೆ. ಯಾರೂ ಕೊಡದಿದ್ದರೆ ಕೆಂಪು ಶಾಯಿ ತೆಗೆದುಕೊಂಡು ತಾನೇ ಮಾಡಿಕೊಳ್ಳುತ್ತಾನೆ. ಚುಕ್ಕೆ ಇಟ್ಟದ್ದಕ್ಕೆ ಇದು ಸಮರ್ಥನೆಯಲ್ಲ. ಅಂಥ ಚುಕ್ಕೆಗಳು ಎಲ್ಲಿಂದ ಬರುತ್ತವೆಂಬುದಕ್ಕೆ ವಿವರಣೆ.

ಹಾಗಾದರೆ ಈ ಗ್ರಂಥವನ್ನು ಓದಬೇಕೆ? ಓದಬೇಕೆಂದೇ ನನ್ನ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳಿತು. ಬೇರೆಯವರನ್ನು ಸಂಶೋಧನೆಗೆ ಹಚ್ಚಿತು. ತನಗೆ ಇರುಸುಮುರುಸಾಗುವ ಸಂಗತಿಗಳನ್ನೂ ಬಚ್ಚಿಡದೆ ಅಚ್ಚುಹಾಕಿಸಿತು. ಈ ಕೊನೆಯ ಗುಣ ಎಲ್ಲ ಸಂಶೋಧಕರಲ್ಲಿಯೂ ಇರುವುದಿಲ್ಲ. ಆದರೆ ಒಂದನೆಯ ತರಗತಿಯ 27.4ರ ಹತ್ತಿರ ನಿಲ್ಲದೆ ಕೊನೆಯವರೆಗೆ ಓದಬೇಕು; ಆಮೇಲೆ ಷಾ ಅವರ ನಾಟಕವನ್ನೂ ಕೊನೆಯವರೆಗೆ ಓದಬೇಕು. ತರಬೇತಿ ಏರ್ಪಡಿಸುವ ಅಧಿಕಾರಿಗಳಿಗೆ ನನ್ನ ಬಿನ್ನಹ ಒಂದೇ. “ಮಕ್ಕಳನ್ನು ನಂಬಿ” ಎಂದು ಮೇಷ್ಟ್ರಿಗೆ ಉಪದೇಶ ಮಾಡುವ ಮೊದಲು, ವರ್ಷದ ಮೊದಲ ಎರಡು ವಾರ ಬೇರೆ ಯಾವ ಕೆಲಸವನ್ನೂ ಹೊರಿಸದೆ, ಹಿಂದಿನ ವರ್ಷದ ಅಂಕಪಟ್ಟಿಯನ್ನೂ ಕೈಗೆ ಕೊಡದೆ, ಮಕ್ಕಳ ಮುಖಪರಿಚಯಕ್ಕೆ ಅವನನ್ನು ಬಿಟ್ಟು ನೋಡಿ. ರೌಡನ್‌ಬುಷ್ ಅವರ ಲೆಕ್ಕ ಸರಿಯಾಗಿದ್ದರೆ ಅಷ್ಟರಲ್ಲಿ ಪಟ್ಟಿಯ ಮಂತ್ರ ಅರ್ಧಕ್ಕರ್ಧ ಇಳಿದುಹೋಗುತ್ತದೆ.

ಬೋರ್ಡಿನ ಹತ್ತಿರ ಕೈ ನಡುಗಿಸುತ್ತ ನಿಂತ ಆ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನಿಗೆ ಈಗ ಐವತ್ತು ದಾಟಿರಬೇಕು. ಲೆಕ್ಕ ಸರಿಯಾಗಿತ್ತು ಎಂದು ಅವನಿಗೆ ಅಂದು ಹೇಳಲಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಈಗ ಹೇಳಿದ್ದೇನೆ.